ಊರಿಗೆಲ್ಲ ಗೊತ್ತಿದ್ದ ಮೀನಿಗೆ ಹೆಸರಿರಲಿಲ್ಲ: ಕಾವೇರಿಯ ಡುಬ್ಬದ ಮಹಸೀರ್ ಪ್ರಕರಣ

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲಿಳಿದು ಮೀನಿಗೆ ಪುರಿ ಹಾಕದೆ ಬಂದಿರುವುದಿಲ್ಲ. ಒಂದು ಹಿಡಿ ಎರಚಿದರೆ ಸಾಕು, ನೀರೇ ಕಪ್ಪಾಗಿ ಕದಡಿದ ಹಾಗೆ ಮೇಲೆದ್ದು ಬರುತ್ತವೆ. ಸ್ವಲ್ಪ ಬಗ್ಗಿ ನೋಡಿದರೆ ದಪ್ಪ ತುಟಿ ಕಾಣುತ್ತದೆ, ಬಾಯಿಯ ಹತ್ತಿರ ಎರಡು ಜೊತೆ ಮೀಸೆ ಕಾಣುತ್ತವೆ. ಮೈಮೇಲಿನ ಹುರುಪೆ ಎಷ್ಟು ದೊಡ್ಡವು ಅಂದರೆ ಮೆಟ್ಟಿಲ ಮೇಲೆ ನಿಂತೇ ಒಂದೊಂದನ್ನೂ ಎಣಿಸಬಹುದು ಅನ್ನಿಸುತ್ತದೆ. ಅಲ್ಲಿ ಮುತ್ತುವ ದೊಡ್ಡ ಮೀನುಗಳಲ್ಲಿ ಮಹಸೀರ್ ಬಳಗದವು ಬಹಳ. ಮಲೆನಾಡಿನವರು ದೇವರ ಮೀನು ಅನ್ನುತ್ತಾರೆ. ಕಾವೇರಿ ಕಡೆಯವರು ಬಿಳಿಮೀನು ಅನ್ನುತ್ತಾರೆ.

ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆದರೆ ಏನು ತೊಂದರೆ? ಮೀನು ಮೀನೇ ಅಲ್ವಾ? ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಹಾಗಲ್ಲ ಅಂತ ನನಗೆ ಮನವರಿಕೆ ಮಾಡಿಸಿದ್ದು ಕಾವೇರಿಯ ಒಂದು ಮೀನಿನ ಕಥೆ. ಜೀವಿಗಳನ್ನು ವಿಂಗಡಿಸುವ ಕೆಲಸ ಅಂದರೆ ಏನು, ಅದು ಎಲ್ಲಿ ಎಡವುತ್ತದೆ, ಎಡವಿದರೆ ಏನು ಕಳೆದುಹೋಗುತ್ತದೆ ಅನ್ನುವುದೆಲ್ಲ ಈ ಒಂದೇ ಪ್ರಕರಣದಲ್ಲಿ ಇದೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಮೀನಿನ ಬಗ್ಗೆ. ಶಿವನಸಮುದ್ರದಿಂದ ಕೆಳಗೆ ಕಾವೇರಿ ಸಂಗಮ, ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ ಅಂತ ಕಲ್ಲುಬಂಡೆಗಳ ನಡುವೆ ಮಡುಗಟ್ಟಿ ಹರಿಯುತ್ತದೆ. ಆ ಮಡುಗಳಲ್ಲಿ ಒಂದೂವರೆ ಮೀಟರ್ ಉದ್ದ, 45 ಕಿಲೊಗೂ ಜಾಸ್ತಿ ತೂಗುವ ಒಂದು ಮಹಸೀರ್ ಇತ್ತು. ಮೂತಿಯಿಂದ ಗೆರೆ ಎಳೆದ ಹಾಗೆ ಮೇಲೇರಿ ಬರುವ ತಲೆ, ತಲೆ ಮುಗಿದು ಮೈ ಶುರುವಾಗುವಲ್ಲಿ ಒಂದು ತಿರುವು, ಅಲ್ಲಿಂದ ಎದ್ದ ಡುಬ್ಬ. ಬಾಲ ಕಿತ್ತಳೆಗೆಂಪು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡ್ ತೂಗಿತು. ಅಂದರೆ 54 ಕಿಲೊ. ಗಾಳದಲ್ಲಿ ಹಿಡಿದ ಮಹಸೀರ್‌ಗಳ ದಾಖಲೆ ಅಂತ ಇಂದಿಗೂ ಹೇಳುವುದು ಅದನ್ನೇ. ಪ್ರಾಣಿಗಳ ಚರ್ಮಕ್ಕೆ ಹದ ಮಾಡಿ ಜೀವಂತ ಇದ್ದ ಹಾಗೆ ನಿಲ್ಲಿಸುವುದರಲ್ಲಿ ಹೆಸರಾದ ಮನೆತನ ಅದು. 19ನೇ ಶತಮಾನದ ಕೊನೆಯಿಂದಲೇ ದೂರದೂರದ ಗಾಳಗಾರರು ಈ ಮೀನಿಗೋಸ್ಕರ ಕಾವೇರಿಗೆ ಬರುತ್ತಿದ್ದರು.

ಇಷ್ಟು ದೊಡ್ಡ ಮೀನು, ಇಷ್ಟು ಹೆಸರುವಾಸಿ. ಆದರೆ 2018ರ ತನಕ ಇದು ಯಾವ ಪ್ರಭೇದ ಅಂತ ಖಚಿತವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ.

ನನಗೆ ಇದು ಮೊದಲು ನಂಬಲಿಕ್ಕೇ ಆಗಲಿಲ್ಲ. ಎಲ್ಲೋ ಸಮುದ್ರದ ತಳದ ಹುಳು ಆದರೆ ಸರಿ, ಬೆಂಗಳೂರಿನಿಂದ ಮೂರು ಗಂಟೆ ದಾರಿಯಲ್ಲಿ ಇರುವ ಮೀನು ಕಣ್ರೀ ಇದು.

ವೈಜ್ಞಾನಿಕ ಹೆಸರು ಅಂದರೆ ಸುಮ್ನೆ ಲ್ಯಾಟಿನ್‌ನಲ್ಲಿ ಕರೆಯುವುದಲ್ಲ. ಹೆಸರಿಟ್ಟವರು ಒಂದು ಮೀನನ್ನು ಮುಂದಿಟ್ಟುಕೊಂಡು ಅದರ ವಿವರ ಬರೆದು, ಎಲ್ಲಿ ಸಿಕ್ಕಿತು ಅಂತ ಹೇಳಿ ಅಚ್ಚು ಹಾಕಿಸುತ್ತಾರೆ. ಆ ಒಂದು ಮೀನು ಆ ಹೆಸರಿನ ಮೂಲಮಾದರಿ. ಅದು ಸಿಕ್ಕ ಜಾಗ ಹೆಸರಿನ ಮೂಲಸ್ಥಳ. ಮುಂದೆ ಯಾರೇ ಅನುಮಾನ ಎತ್ತಿದರೂ ಮೂಲಮಾದರಿಯನ್ನು ತೆಗೆದು ನೋಡಬೇಕು, ಅದು ಕಳೆದುಹೋಗಿದ್ದರೆ ಮೂಲಸ್ಥಳಕ್ಕೆ ಹೋಗಿ ಅದೇ ತರದ್ದನ್ನು ಹಿಡಿದು ನೋಡಬೇಕು. ಜಮೀನಿನ ತಕರಾರು ಬಂದಾಗ ಮೂಲ ಪತ್ರ ತೆಗೆಯುತ್ತೇವಲ್ಲ, ಹಾಗೆ. ಇನ್ನೊಂದು ಕಟ್ಟುನಿಟ್ಟಿನ ನಿಯಮ ಇದೆ: ಒಂದೇ ಪ್ರಭೇದಕ್ಕೆ ಇಬ್ಬರು ಬೇರೆ ಬೇರೆ ಹೆಸರಿಟ್ಟಿದ್ದರೆ ಮೊದಲು ಇಟ್ಟದ್ದಕ್ಕೆ ಹಕ್ಕು. ಈ ನಿಯಮವನ್ನು ನೆನಪಲ್ಲಿಡಿ, ಕಥೆ ತಿರುಗುವುದೇ ಅಲ್ಲಿ.

ಮಹಸೀರ್‌ಗಳಿಗೆ ಹೆಸರಿಡುವ ಕೆಲಸ ಶುರುವಾಗಿದ್ದು ಗಂಗಾ ಕಡೆ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಗೊತ್ತಲ್ಲ, ಅವರೇ ಆಮೇಲೆ ಹ್ಯಾಮಿಲ್ಟನ್ ಅಂತ ಹೆಸರು ಬದಲಿಸಿಕೊಂಡು 1822ರಲ್ಲಿ ಗಂಗೆಯ ಮೀನುಗಳ ಪುಸ್ತಕ ತಂದರು. ಉತ್ತರದ ಮಹಸೀರ್‌ಗಳಿಗೆ ಹೆಸರು ಬಂದದ್ದು ಅದರಲ್ಲಿ. 1839ರಲ್ಲಿ ಸೈಕ್ಸ್ ಅನ್ನುವ ಸೇನಾಧಿಕಾರಿ ದಖ್ಖನ್ನಿನ ಮೀನುಗಳನ್ನು ವಿವರಿಸುತ್ತ ಪುಣೆ ಕಡೆಯ ಹೊಳೆಗಳಿಂದ ಎರಡು ಹೆಸರು ಕೊಟ್ಟರು: ಖುಡ್ರಿ ಮತ್ತು ಮುಸುಲ್ಲ. ಎರಡೂ ಕೃಷ್ಣಾ ಬಳಗದ ನದಿಗಳವು. ಹತ್ತು ವರ್ಷ ಬಿಟ್ಟು, 1849ರಲ್ಲಿ, ಜೆರ್ಡನ್ ಅವರು ಮಲಬಾರಿನ ಬೆಟ್ಟದ ಹೊಳೆಗಳ ಒಂದಕ್ಕೆ ಹೆಸರಿಟ್ಟರು. ಕಾವೇರಿಯ ಡುಬ್ಬದ ಮೀನು ಮಾತ್ರ ಎಲ್ಲರ ಕೈ ತಪ್ಪಿಸಿಕೊಂಡಿತು.

ಹೆಸರಿಲ್ಲದ ಮೀನಿಗೆ ಜನ ಪಕ್ಕದ ಮನೆಯ ಹೆಸರು ಕೊಡುತ್ತಾರೆ. ಇಲ್ಲಿ ಆದದ್ದೂ ಅದೇ. ಒಬ್ಬರು ಇದನ್ನು ಖುಡ್ರಿ ಅಂದರು. ಇನ್ನೊಬ್ಬರು ಮುಸುಲ್ಲ ಅಂದರು. 1992ರಲ್ಲಿ ಎ.ಜಿ.ಕೆ. ಮೆನನ್ ಅವರು ಮಹಸೀರ್‌ಗಳ ವಿಂಗಡಣೆಯನ್ನು ಪರಿಷ್ಕರಿಸಿದಾಗ ಡುಬ್ಬದ ಮೀನು ಟಾರ್ ಮುಸುಲ್ಲ ಆಯಿತು. ಟಾರ್ ಅಂದರೆ ಮಹಸೀರ್‌ಗಳ ಕುಲದ ಹೆಸರು. ದೊಡ್ಡ ವಿದ್ವಾಂಸರ ಮಾತು, ಎಲ್ಲರೂ ಒಪ್ಪಿದರು. ಆದರೆ 2013ರಲ್ಲಿ ಮಾರ್ಕಸ್ ನೈಟ್ ಮತ್ತು ಜೊತೆಗಾರರು ಸೈಕ್ಸ್ ಬರೆದದ್ದನ್ನು ಮತ್ತೆ ಓದಿ, ಮೀನುಗಳನ್ನು ಹಿಡಿದು ಹೋಲಿಸಿ ನೋಡಿದರೆ ಸೈಕ್ಸ್‌ರ ಮುಸುಲ್ಲ ಮಹಸೀರೇ ಅಲ್ಲ! ಅದು ಹೈಪ್ಸೆಲೊಬಾರ್ಬಸ್ ಅನ್ನುವ ಬೇರೆ ಕುಲದ ಮೀನು, ಹುರುಪೆ ಚಿಕ್ಕವು, ಬಾಯಿಯ ಕಟ್ಟು ಬೇರೆ. ಅಲ್ಲಿಗೆ ಕಾವೇರಿಯ ಮೀನು ಎರವಲು ಹೆಸರನ್ನೂ ಕಳೆದುಕೊಂಡಿತು. 2013ರಿಂದ ಐದು ವರ್ಷ ಅದು ಬರೀ "ಟಾರ್, ಯಾವುದೋ ಒಂದು ಪ್ರಭೇದ".

ಇಷ್ಟೊಂದು ಗೊಂದಲ ಯಾಕೆ ಅಂತ ಕೇಳಬಹುದು. ಮೀನನ್ನು ನೋಡಿ ಗುರುತಿಸುವುದರಲ್ಲೇ ಕಷ್ಟ ಇದೆ. ಮಹಸೀರ್‌ಗಳ ತುಟಿ ನೋಡಿ ಪ್ರಭೇದ ಹೇಳುತ್ತೇನೆ ಅಂದರೆ ಆಗುವುದಿಲ್ಲ, ಒಂದೇ ಪ್ರಭೇದದಲ್ಲಿ ಒಂದಕ್ಕೆ ತೆಳು ತುಟಿ, ಇನ್ನೊಂದಕ್ಕೆ ಜೋತುಬಿದ್ದ ದಪ್ಪ ತುಟಿ ಇರುತ್ತದೆ. ಬಣ್ಣ ನೀರಿಗೆ ತಕ್ಕ ಹಾಗೆ ಬದಲಾಗುತ್ತದೆ. ಡುಬ್ಬ ವಯಸ್ಸಾದ ಹಾಗೆ ಎದ್ದು ಕಾಣುತ್ತದೆ, ಮರಿಯಲ್ಲಿ ಅಷ್ಟಿಲ್ಲ. ಇನ್ನೊಂದು ತೀರಾ ಸಾದಾ ಕಾರಣ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ: 50 ಕಿಲೊ ಮೀನನ್ನು ಗಾಜಿನ ಭರಣಿಯಲ್ಲಿ ಇಡಲಿಕ್ಕಾಗುವುದಿಲ್ಲ. ಸಂಗ್ರಹಾಲಯಕ್ಕೆ ಹೋಗುವುದು ಸಾಮಾನ್ಯವಾಗಿ ಗೇಣುದ್ದದ ಮೀನು. ದೊಡ್ಡ ಮೀನಿನ ಫೋಟೊ ಇರುವುದು ಗಾಳಗಾರರ ಆಲ್ಬಮ್ಮಿನಲ್ಲಿ. ವಿಜ್ಞಾನಿಯ ಕೈಯಲ್ಲಿ ಮರಿ, ಗಾಳಗಾರನ ಕೈಯಲ್ಲಿ ಅಜ್ಜ. ಎರಡೂ ಒಂದೇ ವಂಶ ಅಂತ ಜೋಡಿಸುವವರು ಬೇಕಿತ್ತು.

ಈಗ ನನಗೆ ಹೊಟ್ಟೆ ಉರಿಸುವ ಭಾಗಕ್ಕೆ ಬರುತ್ತೇನೆ.

ಕಾವೇರಿಯಲ್ಲಿ ಮೀನು ಕಡಿಮೆಯಾಗುತ್ತಿದ್ದದ್ದು ಜನರಿಗೆ ಗೊತ್ತಿತ್ತು. ಕನ್ನಂಬಾಡಿ, ಮೆಟ್ಟೂರು, ಕಬಿನಿ ಅಂತ ಕಟ್ಟೆಗಳು ಎದ್ದಿದ್ದವು, ಮೊಟ್ಟೆ ಇಡಲು ಹೊಳೆಯಲ್ಲಿ ಮೇಲಕ್ಕೆ ಏರುವ ಮೀನಿಗೆ ದಾರಿ ಮುಚ್ಚಿತ್ತು. ತೋಟೆ ಹೊಡೆದು ಮೀನು ಹಿಡಿಯುವವರ ಕಾಟ ಬೇರೆ. ಒಂದು ತೋಟೆ ಸಿಡಿದರೆ ಮಡುವಿನ ಮರಿಯಿಂದ ಮುದಿಯವರೆಗೆ ಎಲ್ಲ ತೇಲುತ್ತವೆ. ಹೀಗಿರುವಾಗ ಮೀನು ಉಳಿಸಬೇಕು ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಒಂದು ಕೆಲಸ ನಡೆಯಿತು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳಾದಲ್ಲಿ ಮಹಸೀರ್ ಮರಿ ಮಾಡುವ ವಿಧಾನ ಕೈಗೂಡಿತ್ತು. ಅಲ್ಲಿನ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಮಹಸೀರ್ ಕಡಿಮೆ ಆಗಿದೆ, ಮಹಸೀರ್ ಬಿಟ್ಟಿದ್ದೇವೆ. ಲೆಕ್ಕ ಸರಿ ಅಲ್ವಾ?

ಸರಿ ಇರಲಿಲ್ಲ. ಬಿಟ್ಟದ್ದು ಟಾರ್ ಖುಡ್ರಿ, ನೀಲಿ ರೆಕ್ಕೆಯ ಮಹಸೀರ್. ಕೃಷ್ಣಾ ಬಳಗದ ಮೀನು. ಕಾವೇರಿಯ ಡುಬ್ಬದ್ದು ಬೇರೆ. "ಮಹಸೀರ್" ಅನ್ನುವ ಒಂದೇ ಪದದ ಕೆಳಗೆ ಇಬ್ಬರೂ ಇದ್ದ ಕಾರಣ ಒಬ್ಬರ ಮನೆಗೆ ಇನ್ನೊಬ್ಬರನ್ನು ತಂದು ಬಿಟ್ಟದ್ದು ಯಾರಿಗೂ ತಪ್ಪು ಅನ್ನಿಸಲಿಲ್ಲ.

ಇದು ಬಯಲಿಗೆ ಬಂದದ್ದು ಗಾಳಗಾರರ ಪುಸ್ತಕದಿಂದ. ಗಾಳಿಬೋರೆಯ ಕ್ಯಾಂಪಿನಲ್ಲಿ ಮೀನು ಹಿಡಿದು ತೂಗಿ ಬರೆದುಕೊಂಡು ವಾಪಸ್ ನೀರಿಗೆ ಬಿಡುವ ಪದ್ಧತಿ ಇತ್ತು. ಎಷ್ಟು ಗಂಟೆ ಗಾಳ ಹಾಕಿದರು, ಏನು ಬಿತ್ತು, ಎಷ್ಟು ತೂಕ, ನೀಲಿ ರೆಕ್ಕೆಯದೋ ಡುಬ್ಬದ್ದೋ. 1998ರಿಂದ 2012ರವರೆಗಿನ ಆ ದಾಖಲೆಯಲ್ಲಿ 6 ಸಾವಿರಕ್ಕೂ ಜಾಸ್ತಿ ಮೀನುಗಳ ಲೆಕ್ಕ ಇತ್ತು. ಇಂಗ್ಲೆಂಡಿನ ಏಡ್ರಿಯನ್ ಪಿಂಡರ್ ಮತ್ತು ರಾಬರ್ಟ್ ಬ್ರಿಟನ್, ಕೇರಳದ ರಾಜೀವ್ ರಾಘವನ್ ಕೂತು ಅದನ್ನು ಬಿಡಿಸಿದರು, 2015ರಲ್ಲಿ ಪ್ರಕಟಿಸಿದರು. ಒಟ್ಟು ಮಹಸೀರ್ ಲೆಕ್ಕ ನೋಡಿದರೆ ಖುಷಿಯಾಗಬೇಕು, ವರ್ಷದಿಂದ ವರ್ಷಕ್ಕೆ ಗಾಳಕ್ಕೆ ಬೀಳುವುದು ಹೆಚ್ಚುತ್ತಾ ಇತ್ತು. ಅದನ್ನೇ ಎರಡು ಕಾಲಂ ಮಾಡಿ ಬರೆದು ನೋಡಿ. ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯದು. ಡುಬ್ಬದ್ದು ಕುಸಿಯುತ್ತಾ ಹೋಗಿತ್ತು. ಅಷ್ಟೇ ಅಲ್ಲ, ಸಿಗುತ್ತಿದ್ದ ಒಂದೊಂದೂ ಹಿಂದಿನದಕ್ಕಿಂತ ಭಾರವಾಗಿತ್ತು.

ಭಾರ ಹೆಚ್ಚಿದರೆ ಒಳ್ಳೆಯದಲ್ವಾ ಅಂತ ಮೊದಲ ಓದಿಗೆ ನನಗೂ ಅನ್ನಿಸಿತ್ತು. ಒಂದು ಊರಿನ ಹಾಗೆ ಯೋಚಿಸಿ. ಪ್ರತಿ ವರ್ಷ ಹೋದಾಗಲೂ ಜನ ಕಡಿಮೆ, ಇರುವವರಿಗೆಲ್ಲ ವಯಸ್ಸು ಜಾಸ್ತಿ. ಮಕ್ಕಳೇ ಕಾಣುವುದಿಲ್ಲ. ಆ ಮಡುಗಳಲ್ಲಿ ಉಳಿದದ್ದು ಮುದುಕರು ಮಾತ್ರ, ಹೊಸ ಪೀಳಿಗೆ ಬರುತ್ತಿರಲಿಲ್ಲ. "ಮಹಸೀರ್ ಚೆನ್ನಾಗಿದೆ" ಅನ್ನುವ ಒಟ್ಟು ಲೆಕ್ಕದ ಹಿಂದೆ ಒಂದು ವಂಶ ಮುಗಿಯುತ್ತಾ ಬಂದಿತ್ತು. ಇದಕ್ಕೆ ನೀಲಿ ರೆಕ್ಕೆಯದೊಂದೇ ಕಾರಣ ಅಂತ ಹೇಳಲಿಕ್ಕಾಗುವುದಿಲ್ಲ, ಕಟ್ಟೆ, ತೋಟೆ, ಮರಳು ಎಲ್ಲದರ ಪಾಲೂ ಇದೆ. ಆದರೆ ವಿಂಗಡಣೆ ಸರಿಯಾಗಿ ಮಾಡಿದ್ದರೆ ಗಂಟೆ ಇಪ್ಪತ್ತು ವರ್ಷ ಮೊದಲೇ ಬಾರಿಸುತ್ತಿತ್ತು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಆಗಲೂ ಏನೂ ಮಾಡುವ ಹಾಗಿರಲಿಲ್ಲ. ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿ ಇದೆಯಲ್ಲ, ಅದಕ್ಕೆ ಸೇರಬೇಕಾದರೆ ಸಾಮಾನ್ಯವಾಗಿ ಗಟ್ಟಿಯಾದ ವೈಜ್ಞಾನಿಕ ಹೆಸರು ಬೇಕು. "ಕಾವೇರಿಯ ದೊಡ್ಡ ಮೀನು" ಅಂತ ಅರ್ಜಿ ಹಾಕಲಿಕ್ಕೆ ಆಗುವುದಿಲ್ಲ. ರೇಷನ್ ಕಾರ್ಡಿಲ್ಲದ ಮನುಷ್ಯನ ಪಾಡು.

ಹಾಗಾದರೆ ಹೊಸ ಹೆಸರು ಇಟ್ಟರಾಯಿತು ಅಲ್ವಾ? ಇಲ್ಲೇ ಹಿಂದೆ ಹೇಳಿದ ನಿಯಮ ಅಡ್ಡ ಬರುತ್ತದೆ. ಹೊಸ ಹೆಸರಿಡುವ ಮೊದಲು ಇದಕ್ಕೆ ಹೊಂದುವ ಹಳೆ ಹೆಸರು ಎಲ್ಲೂ ಇಲ್ಲ ಅಂತ ತೋರಿಸಬೇಕು. ಹುಡುಕಲು ಮೀನು ಬೇಕು. ಮುಖ್ಯ ಹೊಳೆಯಲ್ಲಿ ಡುಬ್ಬದ ಮೀನು ಸಿಗುವುದೇ ಅಪರೂಪವಾಗಿತ್ತು. ಕೊನೆಗೆ ಸಿಕ್ಕಿದ್ದು ಮೋಯಾರ್ ನದಿಯಲ್ಲಿ. ಬಂಡೀಪುರ ಮತ್ತು ಮುದುಮಲೆ ಕಾಡುಗಳ ನಡುವಿನ ಆಳ ಕಮರಿಯಲ್ಲಿ ಹರಿದು, ಭವಾನಿ ಸೇರಿ, ಆಮೇಲೆ ಕಾವೇರಿ ಸೇರುವ ನದಿ. ಅಲ್ಲಿಂದ ತಾಜಾ ಮಾದರಿಗಳು ಬಂದವು.

ಇದರ ಜೊತೆಗೆ ಇನ್ನೊಂದು ಎಳೆ. ಹತ್ತು ವರ್ಷದ ಆಸುಪಾಸು ಮೊದಲೇ ಕೇರಳದ ಕುರುಪ್ ಮತ್ತು ರಾಧಾಕೃಷ್ಣನ್ ಅನ್ನುವ ಇಬ್ಬರು ಮೀನು ತಜ್ಞರು ಇಡುಕ್ಕಿ ಜಿಲ್ಲೆಯ ಚಿನ್ನಾರ್ ಅಭಯಾರಣ್ಯದ ಪಾಂಬಾರ್ ಹೊಳೆಯಿಂದ ಒಂದು ಮಹಸೀರನ್ನು ವಿವರಿಸಿದ್ದರು. ಚಿಕ್ಕ ಚಿಕ್ಕ ಮೀನುಗಳು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೀನು ತಜ್ಞೆ ಕೆ. ರೆಮಾದೇವಿ ಅವರ ಗೌರವಕ್ಕೆ ಟಾರ್ ರೆಮಾದೇವಿ ಅಂತ ಹೆಸರಿಟ್ಟಿದ್ದರು. ಬೆಟ್ಟದ ಹೊಳೆಯ ಸಣ್ಣ ಮಹಸೀರು ಅಂತ ಅದರ ಕಡೆ ಹೆಚ್ಚು ಜನ ತಿರುಗಿ ನೋಡಿರಲಿಲ್ಲ.

ಈಗ ನಕಾಶೆ ತೆಗೆದು ಪಾಂಬಾರ್ ಹೊಳೆಯ ಮೇಲೆ ಬೆರಳಿಟ್ಟು ಹರಿವಿನ ಜೊತೆ ಹೋಗಿ. ಕೇರಳದ 44 ನದಿಗಳಲ್ಲಿ 41 ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತವೆ. ಪೂರ್ವಕ್ಕೆ ಹೋಗುವವು ಮೂರೇ ಮೂರು: ಕಬಿನಿ, ಭವಾನಿ, ಪಾಂಬಾರ್. ಪಾಂಬಾರ್ ಹೋಗಿ ಅಮರಾವತಿ ಸೇರುತ್ತದೆ. ಅಮರಾವತಿ ಕಾವೇರಿ ಸೇರುತ್ತದೆ. ಹೊಳೆ ಕೇರಳದ್ದು, ನೀರು ಕಾವೇರಿಯದು. ಮೀನಿಗೆ ನದಿಯ ಬಳಗವೇ ಒಂದು ದ್ವೀಪ ಇದ್ದ ಹಾಗೆ, ನೆಲ ದಾಟಿ ಪಕ್ಕದ ನದಿಗೆ ಹೋಗಲಾರದು. ಅದಕ್ಕೇ ಬೇರೆ ಬೇರೆ ನದಿ ಬಳಗಗಳಲ್ಲಿ ಒಂದೇ ಪೂರ್ವಜರ ಮಕ್ಕಳು ಕಾಲಕಳೆದಂತೆ ಬೇರೆ ಬೇರೆ ಪ್ರಭೇದ ಆಗುತ್ತಾರೆ, ಒಂದೇ ಬಳಗದ ಎರಡು ತುದಿಯಲ್ಲಿರುವವರು ನೋಡಲಿಕ್ಕೆ ಬೇರೆ ಅನ್ನಿಸಿದರೂ ಒಂದೇ ಮನೆಯವರಾಗಿರಬಹುದು.

ಪಿಂಡರ್, ರಾಘವನ್, ನೈಟ್, ಮಣಿಮೇಕಲನ್, ನೀಲೇಶ್ ದಹಾನೂಕರ್ ಮೊದಲಾದವರ ತಂಡ ಮಾಡಿದ್ದು ಈ ಹೋಲಿಕೆಯನ್ನೇ. ಮೋಯಾರ್‌ನ ತಾಜಾ ಮೀನು ಒಂದು ಕಡೆ, ರೆಮಾದೇವಿಯ ಮೂಲಸ್ಥಳ ಪಾಂಬಾರ್‌ನಿಂದ ತಂದದ್ದು ಇನ್ನೊಂದು ಕಡೆ. ಪಕ್ಕಗೆರೆಯ ಮೇಲಿನ ಹುರುಪೆ ಎಣಿಸಬೇಕು. ಕಿವಿರಿನ ಹಿಂದಿನಿಂದ ಬಾಲದ ಬುಡದವರೆಗೆ ರಂಧ್ರವಿರುವ ಹುರುಪೆಗಳ ಒಂದು ಸಾಲು ಇರುತ್ತದೆ, ಸೂಜಿಯ ತುದಿಯಿಂದ ಒಂದೊಂದನ್ನೇ ಮುಟ್ಟುತ್ತಾ ಲೆಕ್ಕ ಹಾಕುತ್ತಾರೆ. ಬಾಯಿ ಯಾವ ಕಡೆಗೆ ತೆರೆಯುತ್ತದೆ, ಮೂತಿಯಿಂದ ಬೆನ್ನಿನ ರೆಕ್ಕೆಯವರೆಗಿನ ಗೆರೆ ಎಲ್ಲಿ ತಿರುಗುತ್ತದೆ. ಇದರ ಜೊತೆ ಗಾಳಗಾರರ ಹಳೆಯ ಫೋಟೊಗಳನ್ನೂ ಸಾಕ್ಷಿಯಾಗಿ ಇಟ್ಟುಕೊಂಡರು. ಮೀನಿನ ತಲೆಯಿಂದ ಬೆನ್ನಿಗೆ ಏರುವ ಆ ತಿರುವು ಹಳೆಯ ಕಪ್ಪುಬಿಳುಪು ಫೋಟೊದಲ್ಲೂ ಕಾಣುತ್ತದೆ.

ಆಮೇಲೆ ಡಿಎನ್‌ಎ. ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಇರುವ ಜೀನ್‌ಗಳನ್ನು ಓದಿ ಹೋಲಿಸುವುದು ಮೀನುಗಳಲ್ಲಿ ರೂಢಿ. ಬಾರ್‌ಕೋಡ್ ಅಂತ ಕರೆಯುವ ಜೀನ್ ತುಣುಕಿನಲ್ಲಿ ಸುಮಾರು 650 ಅಕ್ಷರ ಇರುತ್ತವೆ. ಎರಡು ಮೀನುಗಳ ಅಕ್ಷರ ಸಾಲನ್ನು ಒಂದರ ಕೆಳಗೆ ಒಂದು ಇಟ್ಟರೆ ಎಲ್ಲೆಲ್ಲಿ ವ್ಯತ್ಯಾಸ ಅಂತ ಕಾಣುತ್ತದೆ. ವ್ಯತ್ಯಾಸ ಕಡಿಮೆ ಇದ್ದರೆ ಹತ್ತಿರದ ನೆಂಟರು, ಜಾಸ್ತಿ ಇದ್ದರೆ ಕವಲೊಡೆದು ಬಹಳ ಕಾಲವಾಗಿದೆ. ಹೀಗೆ ಹತ್ತಾರು ಮೀನುಗಳನ್ನು ಇಟ್ಟಾಗ ಅದೇ ಒಂದು ವಂಶವೃಕ್ಷ ಆಗುತ್ತದೆ. ಆ ಮರದಲ್ಲಿ ಮೋಯಾರ್‌ನ ಡುಬ್ಬದ ಮೀನು ಮತ್ತು ಪಾಂಬಾರ್‌ನ ಸಣ್ಣ ಮೀನು ಒಂದೇ ರೆಂಬೆಗೆ ಬಂದು ಕೂತವು. ಖುಡ್ರಿ ಬೇರೆ ರೆಂಬೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ತಂದೆ ಬೇರೆ ಪ್ರಭೇದದ್ದಾಗಿದ್ದರೆ ಅದರಲ್ಲಿ ಗೊತ್ತಾಗುವುದಿಲ್ಲ. ಇನ್ನು ಪೂರ್ತಿ ಡಿಎನ್‌ಎ ಓದೋಣ ಅಂದರೆ ಮಹಸೀರ್ ಸುಲಭದ ಮೀನಲ್ಲ. ನಾವು ಸಾರು ಮಾಡುವ ಕಾಟ್ಲಾ, ರೋಹುಗಳಿಗೆ 50 ವರ್ಣತಂತು, ಮಹಸೀರ್‌ಗೆ 100. ಹಿಂದೆ ಯಾವಾಗಲೋ ಇದರ ಪೂರ್ವಜರಲ್ಲಿ ಇಡೀ ಗಂಟೇ ಇಮ್ಮಡಿಯಾಗಿದೆ. ಒಂದೇ ಜೀನಿನ ಎರಡೆರಡು ಪ್ರತಿ ಇರುವಾಗ ಯಾವುದನ್ನು ಯಾವುದರ ಜೊತೆ ಹೋಲಿಸಬೇಕು ಅನ್ನುವುದೇ ತಲೆನೋವು. ಅದಕ್ಕೇ ಈ ತಂಡ ಡಿಎನ್‌ಎ ಒಂದನ್ನೇ ನಂಬದೆ ಹುರುಪೆ, ಫೋಟೊ, ಮೂಲಸ್ಥಳ ಎಲ್ಲವನ್ನೂ ಒಟ್ಟಿಗೆ ಇಟ್ಟದ್ದು ನನಗೆ ಬಹಳ ಹಿಡಿಸಿತು.

2018ರ ಜೂನ್ 20ರಂದು ಪ್ಲಾಸ್ ಒನ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕಾವೇರಿಯ ದೊಡ್ಡ ಡುಬ್ಬದ ಮೀನಿಗೆ ಹೆಸರು ಆಗಲೇ ಇತ್ತು, ನದಿಯ ದಕ್ಷಿಣದ ತುದಿಯಲ್ಲಿ, ಅದರ ಮರಿಗಳ ಮೇಲೆ ಬರೆದು ಇಟ್ಟಿದ್ದರು. ಅದೇ ಟಾರ್ ರೆಮಾದೇವಿ. ಮೊದಲು ಇಟ್ಟ ಹೆಸರಿಗೆ ಹಕ್ಕು, ಆದ್ದರಿಂದ ಹೊಸ ಹೆಸರು ಬೇಕಾಗಲಿಲ್ಲ. ಜಗತ್ತಿನ ಅತಿ ದೊಡ್ಡ ಮಹಸೀರ್‌ಗಳಲ್ಲಿ ಒಂದು ಪಾಂಬಾರ್‌ನ ಪುಟ್ಟ ಮೀನಿನ ಹೆಸರನ್ನು ಹೊತ್ತಿತು.

ಅದೇ ವರ್ಷ ನವೆಂಬರ್‌ನಲ್ಲಿ ಕೆಂಪು ಪಟ್ಟಿಯಲ್ಲಿ ಟಾರ್ ರೆಮಾದೇವಿ ಸೇರಿತು, "ಅತ್ಯಂತ ಅಪಾಯದಲ್ಲಿ" ಅನ್ನುವ ವರ್ಗಕ್ಕೆ. ಕಾಡಿನಲ್ಲಿ ಪೂರ್ತಿ ನಾಶ ಅನ್ನುವುದಕ್ಕೆ ಒಂದೇ ಮೆಟ್ಟಿಲು ಮೇಲೆ. ಆ ಹೊತ್ತಿಗೇ ನೀಲಿ ರೆಕ್ಕೆಯ ಖುಡ್ರಿಯ ಲೆಕ್ಕವನ್ನೂ ಮತ್ತೆ ಮಾಡಿದರು. ಮೊದಲು ಅದು ಅಪಾಯದ ಪಟ್ಟಿಯಲ್ಲಿತ್ತು. ಚಿಂತೆ ಇಲ್ಲ ಅನ್ನುವ ವರ್ಗಕ್ಕೆ ಇಳಿಸಿದರು. ನಾಲ್ಕು ದಶಕ ಒಂದೇ ಪದದ ಕೆಳಗೆ ಇದ್ದ ಎರಡು ಮೀನುಗಳು ಪಟ್ಟಿಯ ಎರಡು ತುದಿಯಲ್ಲಿ ಹೋಗಿ ನಿಂತವು.

ಈಗಿನ ಕೆಲಸ ಡುಬ್ಬದ ಮೀನು ಎಲ್ಲೆಲ್ಲಿ ಉಳಿದಿದೆ, ಹಿಂದೆ ಎಲ್ಲೆಲ್ಲಿ ಇತ್ತು ಅಂತ ತಿಳಿಯುವುದು. ಅದಕ್ಕೆ ಒಂದು ಮಾತು ಕೇಳುತ್ತೇನೆ. ಮೈಸೂರು, ಕೊಳ್ಳೇಗಾಲ, ಕನಕಪುರ, ಮಡಿಕೇರಿ, ಸತ್ಯಮಂಗಲ ಕಡೆಯ ಮನೆಗಳಲ್ಲಿ ತಾತನೋ ಚಿಕ್ಕಪ್ಪನೋ ದೊಡ್ಡ ಮೀನು ಎತ್ತಿ ಹಿಡಿದ ಹಳೆಯ ಫೋಟೊ ಟ್ರಂಕಿನಲ್ಲಿ ಇರಬಹುದು. ಎಸೆಯಬೇಡಿ. ಮೀನಿನ ಪಕ್ಕ ಕಾಣುವ ಹಾಗಿದ್ದರೆ ತಲೆಯ ಹಿಂದೆ ಗೆರೆ ಏರಿದೆಯೋ ನೇರ ಇದೆಯೋ ನೋಡಿ. ಫೋಟೊದ ಬೆನ್ನಿಗೆ ಯಾವ ಹೊಳೆ, ಯಾವ ಮಡು, ಯಾವ ವರ್ಷ ಅಂತ, ಗೊತ್ತಿರುವ ಹಿರಿಯರು ಇನ್ನೂ ಮನೆಯಲ್ಲಿದ್ದರೆ ಅವರನ್ನು ಕೇಳಿ, ಪೆನ್ಸಿಲಿನಲ್ಲಿ ಬರೆದಿಡಿ.